ರಾಜಧಾನಿಯನ್ನು ಕೊನೆಗೆ ನೋಡಿ: ಕಠ್ಮಂಡು ಕಣಿವೆಯ ಮೂರು ನಗರಗಳಿಗೆ ಒಂದು ಕೈಪಿಡಿ

ನೇಪಾಳಕ್ಕೆ ಹೋಗಿಬಂದವರ ಮೊಬೈಲು ತೆರೆದರೆ ಕೆಂಪು ಇಟ್ಟಿಗೆಯ, ಅಂತಸ್ತು ಅಂತಸ್ತಾಗಿ ಮಾಡು ಹೊದ್ದ ಗುಡಿಗಳ ಫೋಟೊಗಳು ಸಾಲಾಗಿ ಸಿಗುತ್ತವೆ. ‘ಇದು ಯಾವುದು?’ ಎಂದು ಕೇಳಿ ನೋಡಿ. ‘ಕಠ್ಮಂಡು... ಅಲ್ಲಲ್ಲ, ಅದರ ಪಕ್ಕದ ಊರು’ ಎಂದು ತಡವರಿಸುತ್ತಾರೆ. ತಪ್ಪು ಅವರದ್ದಲ್ಲ. ಪಶುಪತಿನಾಥ, ಬೌದ್ಧನಾಥ, ಸ್ವಯಂಭು, ಎರಡು ಅರಮನೆ ಚೌಕ, ನಡುವೆ ಊಟ, ಕೊನೆಗೆ ರುದ್ರಾಕ್ಷಿ ಅಂಗಡಿ. ಇಷ್ಟನ್ನು ಒಂದೇ ಹಗಲಿನಲ್ಲಿ ಮುಗಿಸುವ ಪ್ರವಾಸದಲ್ಲಿ ಎಲ್ಲವೂ ಒಂದರೊಳಗೊಂದು ಕಲಸಿಹೋಗುತ್ತದೆ.

ಈ ಗೊಂದಲಕ್ಕೆ ಇನ್ನೊಂದು ಕಾರಣವೂ ಉಂಟು. ಕಠ್ಮಂಡು, ಪಾಟನ್ ಮತ್ತು ಭಕ್ತಪುರದ ದರ್ಬಾರ್ ಸ್ಕ್ವೇರ್‌ಗಳು ನಿಜಕ್ಕೂ ಒಂದನ್ನೊಂದು ಹೋಲುತ್ತವೆ. ಅವನ್ನು ಕಟ್ಟಿಸಿದವರು ದಾಯಾದಿಗಳು. ಒಬ್ಬ ಕಟ್ಟಿಸಿದ್ದನ್ನು ಇನ್ನೊಬ್ಬ ನೋಡಿ, ಅದಕ್ಕಿಂತ ಒಂದು ಕೈ ಮೇಲಾಗಲೆಂದು ತಾನೂ ಕಟ್ಟಿಸಿದ. ಈ ಪೈಪೋಟಿಯ ಎಳೆ ಹಿಡಿದರೆ ಮೂರು ಊರುಗಳೂ ಬೇರೆಬೇರೆಯಾಗಿ ಕಾಣತೊಡಗುತ್ತವೆ. ಅದಕ್ಕೆ ಬೇಕಾದ್ದು ಒಂದಿಷ್ಟು ಇತಿಹಾಸ, ಐದು ಗುರುತು, ಸರಿಯಾದ ಕ್ರಮ.

ಹೊರಡುವ ಮುನ್ನ ಇಷ್ಟು ಇತಿಹಾಸ ಸಾಕು

ಕಣಿವೆಯ ಹಳೆಯ ಪದರ ಲಿಚ್ಛವಿಗಳದ್ದು. ಸುಮಾರು 5ನೇ ಶತಮಾನದಿಂದ ಅವರ ಶಿಲಾಶಾಸನಗಳು ಸಿಗುತ್ತವೆ. ಆಮೇಲೆ ಬಂದವರು ಮಲ್ಲರು. 1482ರಲ್ಲಿ ಯಕ್ಷಮಲ್ಲ ತೀರಿಕೊಂಡ ಬಳಿಕ ರಾಜ್ಯ ಒಡೆದು ಕಾಂತಿಪುರ (ಇಂದಿನ ಕಠ್ಮಂಡು), ಲಲಿತಪುರ (ಪಾಟನ್) ಮತ್ತು ಭಕ್ತಪುರ ಎಂಬ ಮೂರು ರಾಜಧಾನಿಗಳಾದವು. ಗೋರ್ಖಾದ ಪೃಥ್ವಿ ನಾರಾಯಣ ಶಾಹ 1768ರಲ್ಲಿ, ಜನ ಇಂದ್ರಜಾತ್ರೆಯಲ್ಲಿ ಮುಳುಗಿದ್ದಾಗ, ಕಠ್ಮಂಡುವನ್ನು ವಶಪಡಿಸಿಕೊಂಡ. ಪಾಟನ್ ಬೇಗನೆ ಅವನ ಕೈಸೇರಿತು, 1769ರಲ್ಲಿ ಭಕ್ತಪುರವೂ ಬಿತ್ತು. 1846ರಿಂದ 1951ರವರೆಗೆ ಶಾಹ ಅರಸರು ಹೆಸರಿಗಷ್ಟೇ ಇದ್ದರು, ಆಡಳಿತ ನಡೆಸಿದವರು ರಾಣಾ ಪ್ರಧಾನಿಗಳು. 2008ರಲ್ಲಿ ಅರಸೊತ್ತಿಗೆಯೇ ಮುಗಿಯಿತು.

ಇದರಲ್ಲಿ ಕನ್ನಡಿಗರು ಗಮನಿಸಬೇಕಾದ ಒಂದು ಕೊಂಡಿಯಿದೆ. 1097ರಲ್ಲಿ ನಾನ್ಯದೇವನೆಂಬವನು ಮಿಥಿಲೆಯಲ್ಲಿ ರಾಜ್ಯ ಕಟ್ಟಿದ. ಅದರ ರಾಜಧಾನಿ ಸಿಮ್ರೌನ್‌ಗಢ ಈಗ ನೇಪಾಳದ ತರಾಯಿ ಬಯಲಿನಲ್ಲಿದೆ. ಆ ವಂಶದ ಹೆಸರು ಕರ್ಣಾಟ. ಕಲ್ಯಾಣದ ಚಾಲುಕ್ಯರ ದಂಡಿನೊಂದಿಗೆ ಉತ್ತರಕ್ಕೆ ಹೋಗಿ ಅಲ್ಲೇ ನೆಲೆನಿಂತವರು ಇವರು ಎಂದು ಇತಿಹಾಸಕಾರರು ಊಹಿಸುತ್ತಾರೆ. 1324ರ ಸುಮಾರಿಗೆ ಘಿಯಾಸುದ್ದೀನ್ ತುಘಲಕ್ ದಾಳಿ ಮಾಡಿದಾಗ ಕೊನೆಯ ಅರಸ ಹರಿಸಿಂಹದೇವ ಬೆಟ್ಟಗಳತ್ತ ಓಡಿದ. ಅವನು ದಾರಿಯಲ್ಲೇ ತೀರಿಕೊಂಡರೂ ರಾಣಿ ದೇವಲದೇವಿಗೆ ಭಕ್ತಪುರದಲ್ಲಿ ಆಶ್ರಯ ಸಿಕ್ಕಿತು. ಅವಳ ಮೊಮ್ಮಗಳು ರಾಜಲ್ಲದೇವಿಯನ್ನು ಮದುವೆಯಾದವನು ಮೇಲೆ ಹೇಳಿದ ಮಲ್ಲ ವಂಶದ ಜಯಸ್ಥಿತಿ ಮಲ್ಲ. ಮೂರೂ ಅರಮನೆಗಳಲ್ಲಿ ನೀವು ಕಾಣುವ ತಲೇಜು ದೇವಿ ಕರ್ಣಾಟ ಅರಸರ ಕುಲದೇವತೆಯಾಗಿ ಅವರೊಂದಿಗೇ ಬಂದವಳು ಎಂಬುದು ಕಣಿವೆಯ ನಂಬಿಕೆ.

ಯಾವ ಗುಡಿಯ ಮುಂದೆ ನಿಂತರೂ ನೋಡಬೇಕಾದ ಐದು ಗುರುತು

ಇಲ್ಲಿನ ಗುಡಿಗಳ ಹಿಂದೆ ಇರುವುದು ನೇವಾರ ಜನರ ಕೈಚಳಕ. ಒಳಗೆ ಇಟ್ಟಿಗೆಯ ಗೋಡೆ, ಹೊರಗೆ ಚಾಚಿದ ದೊಡ್ಡ ಮಾಡು. ಮಳೆಯ ನಾಡಾದ್ದರಿಂದ ಗೋಡೆಗೆ ನೀರು ತಾಗಬಾರದು, ಹಾಗಾಗಿ ಮಾಡು ಮುಂದಕ್ಕೆ ಚಾಚಲೇಬೇಕು. ಚಾಚಿದ ಮಾಡಿನ ಭಾರ ಹೊರಲು ಗೋಡೆಯಿಂದ ಓರೆಯಾಗಿ ಮರದ ಆಸರೆಗಳು ಬೇಕು. ಶಿಲ್ಪವೆಲ್ಲ ಆ ಆಸರೆಗಳ ಮೇಲೆ, ಬಾಗಿಲುವಾಡದ ಮೇಲೆ, ಕಿಟಕಿಗಳ ಮೇಲೆ ಬಂತು. ನಮ್ಮ ಕಡೆಯ ಗುಡಿಯಂತೆ ಗೋಡೆಯಲ್ಲಿ ದೇವರನ್ನು ಹುಡುಕಿದರೆ ಇಲ್ಲಿ ನಿರಾಸೆಯಾಗುತ್ತದೆ.

1. ಎದುರಿಗಿರುವ ವಾಹನ ನೋಡಿ. ಕೈಮುಗಿದು ಮಂಡಿಯೂರಿದ ಗರುಡನಿದ್ದರೆ ವಿಷ್ಣು, ನಂದಿ ಇದ್ದರೆ ಶಿವ, ಇಲಿ ಇದ್ದರೆ ಗಣಪ. ಮಾಡುಗಳ ಸಂಖ್ಯೆ ನೋಡಿ ದೇವರನ್ನು ಊಹಿಸಲು ಹೋಗಬೇಡಿ.

2. ಬಾಗಿಲ ಮೇಲಿನ ಅರ್ಧಚಂದ್ರಾಕಾರದ ತೋರಣ ನೋಡಿ. ಒಳಗಿರುವ ದೇವತೆಯ ರೂಪವೇ ಸಾಮಾನ್ಯವಾಗಿ ಅದರ ನಡುವೆ ಇರುತ್ತದೆ. ಬಾಗಿಲು ಮುಚ್ಚಿದ್ದರೂ ಒಳಗೆ ಯಾರೆಂದು ತಿಳಿಯುತ್ತದೆ.

3. ಕತ್ತೆತ್ತಿ ಓರೆ ಆಸರೆಗಳನ್ನು ನೋಡಿ. ಇವಕ್ಕೆ ಅಲ್ಲಿ ತುಂಡಾಲ್ ಎನ್ನುತ್ತಾರೆ. ಮೇಲೆ ದೇವತೆ, ಕಾಲ ಬುಡದಲ್ಲಿ ಸಣ್ಣ ಚಿತ್ರಗಳು. ಅವುಗಳಲ್ಲಿ ಕೆಲವು ಮಿಥುನ ಶಿಲ್ಪಗಳಾಗಿರುತ್ತವೆ, ಮಕ್ಕಳೊಂದಿಗೆ ಹೋಗುವವರಿಗೆ ಮೊದಲೇ ಗೊತ್ತಿದ್ದರೆ ಒಳ್ಳೆಯದು.

4. ಇಟ್ಟಿಗೆಯ ಸಂದು ನೋಡಿ. ಹಳೆಯ ಕೆಲಸದಲ್ಲಿ ಹೊರಮೈಗೆ ನಯವಾದ, ಹಿಂದಕ್ಕೆ ಸಣ್ಣದಾಗುತ್ತ ಹೋಗುವ ವಿಶೇಷ ಇಟ್ಟಿಗೆ ಬಳಸುತ್ತಿದ್ದರು. ಗಾರೆ ಒಳಗೇ ಉಳಿದು, ಹೊರಗಿನಿಂದ ಇಟ್ಟಿಗೆಗೆ ಇಟ್ಟಿಗೆ ಅಂಟಿದಂತೆ ಕಾಣುತ್ತದೆ. ದಪ್ಪ ಗಾರೆಯ ಗೆರೆ ಕಂಡರೆ ಅದು ಈಚಿನ ದುರಸ್ತಿ ಎಂದುಕೊಳ್ಳಬಹುದು.

5. ಕಂಬದ ಮೇಲಿನ ಅರಸನನ್ನು ಹುಡುಕಿ. ಈ ಐದರಲ್ಲಿ ಮೂರು ಊರುಗಳನ್ನು ಒಟ್ಟಿಗೆ ಹೊಲಿಯುವ ಗುರುತು ಇದೇ. ಎತ್ತರದ ಕಲ್ಲುಕಂಬದ ಮೇಲೆ ಅರಮನೆಯ ದೇವಿಗೆ ಕೈಮುಗಿದು ಕುಳಿತ ಅರಸ ಮೂರೂ ಚೌಕಗಳಲ್ಲಿ ಇದ್ದಾನೆ. ಕಠ್ಮಂಡುವಿನಲ್ಲಿ ಪ್ರತಾಪ ಮಲ್ಲ, ಪಾಟನ್‌ನಲ್ಲಿ ಯೋಗನರೇಂದ್ರ ಮಲ್ಲ, ಭಕ್ತಪುರದಲ್ಲಿ ಭೂಪತೀಂದ್ರ ಮಲ್ಲ. ಅವರ ಸುತ್ತ ಅದೇ ತಲೇಜು ಗುಡಿ, ಅದೇ ದೊಡ್ಡ ಗಂಟೆ, ಅದೇ ಅರಮನೆ. ಒಬ್ಬ ಆರಂಭಿಸಿದ್ದನ್ನು ಉಳಿದಿಬ್ಬರು ಬಿಡಲಿಲ್ಲ. ಇದನ್ನು ಒಮ್ಮೆ ಗುರುತಿಸಿದರೆ ‘ಇಲ್ಲಿ ಬೇರೆ ಏನಿದೆ?’ ಎಂಬ ಪ್ರಶ್ನೆ ತಾನಾಗಿ ಹುಟ್ಟುತ್ತದೆ.

ಕ್ರಮ: ಪೂರ್ವದಿಂದ ಪಶ್ಚಿಮಕ್ಕೆ, ನಾಲ್ಕು ದಿನ

ಬಹುತೇಕ ಎಲ್ಲರೂ ರಾಜಧಾನಿಯಿಂದ ಶುರುಮಾಡುತ್ತಾರೆ. ಅದನ್ನು ಕೊನೆಗಿಡಿ ಎಂಬುದು ನನ್ನ ಗಟ್ಟಿ ಸಲಹೆ. ಕಠ್ಮಂಡುವಿನ ಚೌಕದಲ್ಲಿ ಮಲ್ಲರ ಮೇಲೆ ಶಾಹರು, ಶಾಹರ ಮೇಲೆ ರಾಣಾಗಳು ಕಟ್ಟಿದ್ದಾರೆ. ಪದರ ಹೆಚ್ಚು, ವಾಹನ ಹೆಚ್ಚು, ಕಣ್ಣಿಗೆ ಗಲಿಬಿಲಿಯೂ ಹೆಚ್ಚು. ಒಂದೇ ಕಾಲದ ಕೆಲಸವನ್ನು ಮೊದಲು ಭಕ್ತಪುರ, ಪಾಟನ್‌ಗಳಲ್ಲಿ ನೋಡಿ ಬಂದರೆ ಇಲ್ಲಿ ಯಾವುದು ಯಾರದ್ದೆಂದು ನೀವೇ ಹೇಳಬಲ್ಲಿರಿ. ಅನುಕೂಲವೂ ಇದರಲ್ಲೇ ಇದೆ. ವಿಮಾನ ನಿಲ್ದಾಣ ಊರಿನ ಪೂರ್ವಕ್ಕಿದೆ, ಭಕ್ತಪುರವೂ ಪೂರ್ವಕ್ಕೆ, ಕಠ್ಮಂಡುವಿನ ನಡುಭಾಗದಿಂದ ಸುಮಾರು 13 ಕಿ.ಮೀ. ಇಳಿದವರೇ ನಗರದ ಟ್ರಾಫಿಕ್ಕಿಗೆ ಸಿಕ್ಕದೆ ಅತ್ತ ಹೋಗಬಹುದು.

*ಮೊದಲ ದಿನ: ಚಾಂಗು ನಾರಾಯಣ, ಭಕ್ತಪುರ.* ಭಕ್ತಪುರದ ಉತ್ತರದ ಗುಡ್ಡದ ಮೇಲೆ ಚಾಂಗು ನಾರಾಯಣನಿದ್ದಾನೆ. ಪ್ಯಾಕೇಜಿನವರು ಸಾಮಾನ್ಯವಾಗಿ ಬಿಟ್ಟುಬಿಡುವ ಜಾಗ ಇದು, ನೀವು ಬಿಡಬೇಡಿ. ಗುಡಿಯ ಮುಂದೆ ಲಿಚ್ಛವಿ ಅರಸ ಮಾನದೇವನ 464ರ ಸಂಸ್ಕೃತ ಶಾಸನವಿದೆ. ಗಂಡ ಧರ್ಮದೇವ ತೀರಿಕೊಂಡಾಗ ಸಹಗಮನಕ್ಕೆ ಹೊರಟ ರಾಣಿ ರಾಜ್ಯವತಿಯನ್ನು ಮಗ ತಡೆದು ನಿಲ್ಲಿಸಿದ್ದನ್ನು ಅದು ಹೇಳುತ್ತದೆ. ಹದಿನೈದು ಶತಮಾನ ದಾಟಿದ ಕಲ್ಲಿನಲ್ಲಿ ಒಂದು ಮನೆಯ ಸಂಕಟ ಹೀಗೆ ಉಳಿದಿರುವುದು ಅಪರೂಪ. ಅಂಗಳದ ತ್ರಿವಿಕ್ರಮನ ಮುಂದೆ ಸ್ವಲ್ಪ ಹೊತ್ತು ನಿಲ್ಲಿ, ಬಾದಾಮಿಯ ಗುಹೆಯಲ್ಲಿ ತ್ರಿವಿಕ್ರಮನನ್ನು ಕಂಡವರಿಗೆ ಎರಡನ್ನೂ ಹೋಲಿಸುವ ಖುಷಿ ಕಾದಿದೆ. ನೇಪಾಳದ 10 ರೂಪಾಯಿ ನೋಟಿನಲ್ಲಿರುವ ಗರುಡವಾಹನ ವಿಷ್ಣು ಇಲ್ಲಿನವನೇ. ನೋಟು ಕೈಯಲ್ಲಿ ಹಿಡಿದು ಮಕ್ಕಳಿಗೆ ಹುಡುಕಲು ಹೇಳಿ.

ಮಧ್ಯಾಹ್ನ ಭಕ್ತಪುರಕ್ಕೆ ಇಳಿಯಿರಿ, ರಾತ್ರಿ ಅಲ್ಲೇ ತಂಗಿರಿ. ಕಠ್ಮಂಡುವಿನಲ್ಲಿ ಕೋಣೆ ಹಿಡಿದು ಇಲ್ಲಿಗೆ ಎರಡು ಗಂಟೆ ಬಂದುಹೋಗುವವರು ಕಾಣುವುದು ಜನಜಂಗುಳಿಯನ್ನು ಮಾತ್ರ. ಪ್ರವಾಸಿ ಬಸ್ಸುಗಳು ಸಂಜೆ ಹೊರಟ ಮೇಲೆ ಹಳೆಯ ಊರು ತನ್ನ ಜನರಿಗೆ ಮರಳುತ್ತದೆ. ಮುಂಜಾನೆ ಪೂಜೆಯ ತಟ್ಟೆ ಹಿಡಿದ ಹೆಂಗಸರು, ಕುಂಬಾರರ ಚೌಕದಲ್ಲಿ ಬಿಸಿಲಿಗೆ ಹರಡುವ ಮಡಕೆಗಳು. ಇದನ್ನು ನೋಡಲು ಅಲ್ಲಿಯೇ ಎದ್ದಿರಬೇಕು.

ಭಕ್ತಪುರದಲ್ಲಿ ಮೂರನ್ನು ನಿಧಾನವಾಗಿ ನೋಡಿ. ಒಂದು, ಐವತ್ತೈದು ಕಿಟಕಿಗಳ ಅರಮನೆ ಮತ್ತು ಪಕ್ಕದ ಸ್ವರ್ಣದ್ವಾರ. ಎರಡು, ದತ್ತಾತ್ರೇಯ ಚೌಕದ ಪೂಜಾರಿ ಮಠದ ನವಿಲು ಕಿಟಕಿ. ಮೂರು, 1702ರಲ್ಲಿ ಭೂಪತೀಂದ್ರ ಮಲ್ಲ ಕಟ್ಟಿಸಿದ ನ್ಯಾತಪೋಲ. ಐದು ಮಾಡು, ಐದು ಜಗಲಿ, ಸುಮಾರು 30 ಮೀಟರ್ ಎತ್ತರ. ಮೆಟ್ಟಿಲ ಇಕ್ಕೆಲದಲ್ಲಿ ಕೆಳಗಿನಿಂದ ಮೇಲಕ್ಕೆ ಜಟ್ಟಿಗಳು, ಆನೆಗಳು, ಸಿಂಹಗಳು, ಶಾರ್ದೂಲಗಳು, ಕೊನೆಗೆ ಇಬ್ಬರು ದೇವಿಯರು. ಪ್ರತಿ ಜೋಡಿಯೂ ಕೆಳಗಿನದ್ದಕ್ಕಿಂತ ಹತ್ತು ಪಟ್ಟು ಬಲಶಾಲಿ ಎನ್ನುತ್ತಾರೆ. 1934 ಮತ್ತು 2015ರ ಎರಡೂ ಭೂಕಂಪಗಳಲ್ಲಿ ಸುತ್ತಲಿನ ಗುಡಿಗಳು ಉರುಳಿದಾಗ ಇದು ನಿಂತಿತ್ತು. ಅಗಲವಾದ ಜಗಲಿ, ನಾಲ್ಕೂ ದಿಕ್ಕಿಗೆ ಸಮನಾದ ವಿನ್ಯಾಸ, ಮೇಲೆ ಹೋದಂತೆ ಕಿರಿದಾಗುವ ಮೈ, ಮರ ಮತ್ತು ಇಟ್ಟಿಗೆಯ ಒಳ್ಳೆಯ ಹೊಂದಿಕೆ ಇದಕ್ಕೆ ನೆರವಾದವು. ಕೆಳಗಿಳಿದ ಮೇಲೆ ಮಣ್ಣಿನ ಬಟ್ಟಲಿನಲ್ಲಿ ಹೆಪ್ಪುಹಾಕಿದ ಜುಜು ಧೌ ತಿನ್ನಿ. ಗಟ್ಟಿ ಸಿಹಿ ಮೊಸರು, ಈ ಊರಿನದ್ದೇ ಹೆಸರುವಾಸಿ.

*ಎರಡನೇ ದಿನ: ಪಾಟನ್.* ಬಾಗಮತಿ ನದಿಯ ದಕ್ಷಿಣಕ್ಕಿರುವ ಇದು ಲೋಹಶಿಲ್ಪಿಗಳ ಊರು. ಮೇಣದ ಅಚ್ಚಿನಲ್ಲಿ ಮೂರ್ತಿ ಎರಕ ಹೊಯ್ಯುವ ಶಾಕ್ಯ ಮನೆತನಗಳು ಇಂದಿಗೂ ಆ ಕಸುಬು ನಡೆಸುತ್ತಿವೆ. ಇಲ್ಲಿ ಚೌಕಕ್ಕಿಂತ ಮೊದಲು ಅರಮನೆಯೊಳಗಿನ ಪಾಟನ್ ಮ್ಯೂಸಿಯಂಗೆ ಹೋಗಿ. ಯಾವ ದೇವರನ್ನು ಯಾವ ಮುದ್ರೆಯಿಂದ, ಯಾವ ಆಯುಧದಿಂದ ಗುರುತಿಸಬೇಕು, ಹಿಂದೂ–ಬೌದ್ಧ ರೂಪಗಳು ಹೇಗೆ ಬೆರೆಯುತ್ತವೆ ಎಂಬುದನ್ನು ಅಷ್ಟು ಸ್ಪಷ್ಟವಾಗಿ ತಿಳಿಸುವ ಮ್ಯೂಸಿಯಂ ನಮ್ಮ ದೇಶದಲ್ಲೂ ಕಡಿಮೆ. ಎರಡು ಗಂಟೆ ಇದಕ್ಕೆಂದೇ ಎತ್ತಿಡಿ.

ಹೊರಗೆ ಬಂದರೆ 1637ರ ಕೃಷ್ಣ ಮಂದಿರ. ಸಿದ್ಧಿನರಸಿಂಹ ಮಲ್ಲ ಕಟ್ಟಿಸಿದ್ದು, ಪೂರ್ತಿ ಕಲ್ಲಿನದ್ದು. ಇಟ್ಟಿಗೆಯ ಊರಿನ ನಡುವೆ ಇದೊಂದು ಬೇರೆಯೇ ಜಾತಿಯ ಕಟ್ಟಡ. ಮೊದಲ ಅಂತಸ್ತಿನ ತೊಲೆಯ ಮೇಲೆ ಮಹಾಭಾರತ, ಎರಡನೆಯದರ ಮೇಲೆ ರಾಮಾಯಣ, ಸಣ್ಣ ಸಣ್ಣ ಚಿತ್ರಗಳಲ್ಲಿ ಸುತ್ತುವರಿದಿವೆ. ಹೊಯ್ಸಳ ಗುಡಿಯ ಪಟ್ಟಿಕೆಗಳನ್ನು ಓದಿದ ಅಭ್ಯಾಸವಿದ್ದವರಿಗೆ ಇದು ಸಲೀಸು. ಎದುರಿನ ಕಂಬದಲ್ಲಿ ಯೋಗನರೇಂದ್ರ ಮಲ್ಲನ ತಲೆಯ ಮೇಲೊಂದು ಹಕ್ಕಿ. ಅದು ಹಾರಿಹೋಗುವವರೆಗೆ ಅರಸ ಬದುಕಿದ್ದಾನೆಂದು ಜನ ನಂಬಿದ್ದರು, ಅವನು ಮರಳಿ ಬಂದಾನೆಂದು ಅರಮನೆಯ ಒಂದು ಕಿಟಕಿಯನ್ನು ತೆರೆದಿಡುತ್ತಿದ್ದರಂತೆ. 2015ರಲ್ಲಿ ಕೆಳಗೆ ಬಿದ್ದ ಮೂರ್ತಿಯನ್ನು ಮತ್ತೆ ಏರಿಸಿದ್ದಾರೆ. ಚೌಕದ ಉತ್ತರಕ್ಕೆ ನೆಲದಿಂದ ಕೆಳಗಿಳಿಯುವ ಮಂಗಹಿಟಿ ಇದೆ. 6ನೇ ಶತಮಾನದಷ್ಟು ಹಳೆಯ, ಮಕರಬಾಯಿಯ ಕಲ್ಲಿನ ಕೊಳಾಯಿಗಳು. ಅರಮನೆಗಿಂತ ಸಾವಿರ ವರ್ಷ ಹಿರಿದಾದ ಈ ನೀರಿನ ತಾಣವನ್ನು ಹೆಚ್ಚಿನವರು ಇಣುಕಿಯೂ ನೋಡದೆ ದಾಟುತ್ತಾರೆ. ಹತ್ತಿರದ ಹಿರಣ್ಯವರ್ಣ ಮಹಾವಿಹಾರಕ್ಕೂ ಹೋಗಿ, ಚರ್ಮದ ಬೆಲ್ಟು–ಚಪ್ಪಲಿಗಳನ್ನು ಹೊರಗಿಡಬೇಕು.

*ಮೂರನೇ ದಿನ: ಕಠ್ಮಂಡು.* ಈಗ ಹನುಮಾನ್ ಢೋಕಾದ ಚೌಕಕ್ಕೆ ಬನ್ನಿ, ಕಾಲಾನುಕ್ರಮದಲ್ಲಿ ನಡೆಯಿರಿ. ಮೊದಲು ಕಾಷ್ಠಮಂಡಪ. ಒಂದೇ ಮರದಿಂದ ಕಟ್ಟಿದ್ದೆಂಬ ಪ್ರತೀತಿಯ ಈ ಮಂಟಪದಿಂದಲೇ ಊರಿಗೆ ಹೆಸರು ಬಂತು. 2015ರಲ್ಲಿ ಪೂರ್ತಿ ಕುಸಿಯಿತು. ಅಲ್ಲಿಯವರೆಗೆ 12ನೇ ಶತಮಾನದ್ದೆಂದು ತಿಳಿದಿದ್ದ ಮಂಟಪದ ಅಡಿಪಾಯ 7ನೇ ಶತಮಾನದಷ್ಟು ಹಿಂದಿನದೆಂದು ಆಮೇಲಿನ ಉತ್ಖನನ ತೋರಿಸಿತು. ಈಗ ಮತ್ತೆ ಕಟ್ಟಿ ನಿಲ್ಲಿಸಿದ್ದಾರೆ. ಅಲ್ಲಿಂದ ಮಹೇಂದ್ರ ಮಲ್ಲನ 1564ರ ತಲೇಜು ಗುಡಿ, ವರ್ಷಕ್ಕೊಮ್ಮೆ ದಶೈಂ (ನಮ್ಮ ದಸರಾ) ನವಮಿಯಂದು ಮಾತ್ರ ಸಾರ್ವಜನಿಕರಿಗೆ ಬಾಗಿಲು. ಆಮೇಲೆ ಪ್ರತಾಪ ಮಲ್ಲ 1672ರಲ್ಲಿ ಅರಮನೆ ಬಾಗಿಲಲ್ಲಿ ನಿಲ್ಲಿಸಿದ, ಸಿಂಧೂರ ಮೆತ್ತಿ ಮುಖವೇ ಕಾಣದ ಹನುಮಂತ. ಅದೇ ಅರಸ 1654ರಲ್ಲಿ ಹೊರಗೋಡೆಯಲ್ಲಿ ಹದಿನೈದು ಲಿಪಿ–ಭಾಷೆಗಳ ಶಾಸನ ಕೆತ್ತಿಸಿದ, ಅದರಲ್ಲಿ ಫ್ರೆಂಚ್ ಪದಗಳೂ ಇವೆ. ಪೂರ್ತಿ ಓದಿದವರಿಗೆ ಕೆಳಗಿನ ಕೊಳಾಯಿಯಿಂದ ಹಾಲು ಸುರಿಯುತ್ತದೆಂದು ಊರವರು ಹೇಳುತ್ತಾರೆ. ನಂತರ ಜಯಪ್ರಕಾಶ ಮಲ್ಲನ 1757ರ ಕುಮಾರಿ ಘರ್, ಜೀವಂತ ದೇವಿಯೆಂದು ಪೂಜಿಸುವ ಬಾಲಕಿ ಕುಮಾರಿಯ ಮನೆ. ಅದಾಗಿ ಹತ್ತು ಚಿಲ್ಲರೆ ವರ್ಷಕ್ಕೆ ಮಲ್ಲರೇ ಇಲ್ಲವಾದರು. ಗೆದ್ದ ಪೃಥ್ವಿ ನಾರಾಯಣ ಶಾಹನ ಕಾಲದ ಒಂಬತ್ತು ಅಂತಸ್ತಿನ ಬಸಂತಪುರ ಗೋಪುರ ಪಕ್ಕದಲ್ಲೇ ಎದ್ದಿತು. ಕೊನೆಗೆ, ಕೆಂಪು ಇಟ್ಟಿಗೆಗಳ ನಡುವೆ ಬೆಳ್ಳಗೆ ನಿಂತ ಯುರೋಪು ಶೈಲಿಯ ಗದ್ದಿ ಬೈಠಕ್, ರಾಣಾ ಪ್ರಧಾನಿ ಚಂದ್ರ ಶಮ್ಶೇರ್ 1908ರಲ್ಲಿ ಕಟ್ಟಿಸಿದ್ದು. ಈ ಕ್ರಮದಲ್ಲಿ ನಡೆದರೆ ಒಂದು ಚೌಕದ ಒಳಗೇ ದೇಶದ ರಾಜಕೀಯ ಇತಿಹಾಸ ಮುಗಿಯುತ್ತದೆ. ಉಳಿದ ಕೊನೆಯ ಅಧ್ಯಾಯ ನಾರಾಯಣಹಿಟಿ ಅರಮನೆಯಲ್ಲಿದೆ. 2001ರ ಜೂನ್ 1ರಂದು ಅರಸ ಬೀರೇಂದ್ರ ಮತ್ತು ಕುಟುಂಬದವರ ಹತ್ಯೆ ನಡೆದ ಜಾಗ ಅದು, ಈಗ ಮ್ಯೂಸಿಯಂ.

ಸಂಜೆ ಸ್ವಯಂಭು ಸ್ತೂಪ. ಪೂರ್ವದ ಮೆಟ್ಟಿಲು 365 ಎನ್ನುತ್ತಾರೆ, ಕಡಿದಾಗಿವೆ. ಮಂಡಿನೋವಿನವರು ಹಿಂಬದಿಯ ರಸ್ತೆಯಲ್ಲಿ ವಾಹನದಲ್ಲೇ ಮೇಲಿನವರೆಗೆ ಹೋಗಬಹುದು.

*ನಾಲ್ಕನೇ ದಿನ: ಪಶುಪತಿನಾಥ, ಬೌದ್ಧನಾಥ.* ದೇವರ ದರ್ಶನವನ್ನು ಕೊನೆಗಿಡಲು ಮನಸ್ಸು ಒಪ್ಪದಿದ್ದರೆ ಇದನ್ನೇ ಮೊದಲ ದಿನಕ್ಕೆ ತನ್ನಿ, ವಿಮಾನ ನಿಲ್ದಾಣದಿಂದ ಹತ್ತಿರ. ಎರಡರ ನಡುವೆ ಎರಡು ಕಿ.ಮೀ. ಆಸುಪಾಸು.

ಪಶುಪತಿನಾಥನ ಲಿಂಗಕ್ಕೆ ನಾಲ್ಕು ಮುಖ, ಗರ್ಭಗುಡಿಗೆ ನಾಲ್ಕು ಬಾಗಿಲು. ಪಶ್ಚಿಮದಲ್ಲಿ ಸದ್ಯೋಜಾತ, ಉತ್ತರದಲ್ಲಿ ವಾಮದೇವ, ಪೂರ್ವದಲ್ಲಿ ತತ್ಪುರುಷ, ದಕ್ಷಿಣದಲ್ಲಿ ಅಘೋರ. ಒಂದು ಬಾಗಿಲಲ್ಲಿ ಕೈಮುಗಿದು ಹಿಂದಿರುಗುವವರೇ ಹೆಚ್ಚು, ನೀವು ಸುತ್ತು ಬಂದು ನಾಲ್ಕೂ ಕಡೆ ನಿಲ್ಲಿ. ಒಳಗೆ ಲಿಂಗ ಮುಟ್ಟಿ ಪೂಜಿಸುವ ಅಧಿಕಾರ ದಕ್ಷಿಣದ ಭಟ್ಟರಿಗೆ ಮಾತ್ರ, ಅವರು ಕರ್ನಾಟಕ ಮೂಲದವರು. ಸ್ಥಳೀಯ ಭಂಡಾರಿಗಳು ಅವರಿಗೆ ಸಹಾಯಕರು. 2008–09ರಲ್ಲಿ ನೇಪಾಳಿ ಅರ್ಚಕರನ್ನು ನೇಮಿಸುವ ಪ್ರಯತ್ನ ನಡೆದು, ಪ್ರತಿಭಟನೆ ಎದ್ದು, ಭಟ್ಟರೇ ಮುಂದುವರಿದರು. ಕನ್ನಡ ಕಿವಿಗೆ ಬಿದ್ದರೆ ಅಚ್ಚರಿಪಡಬೇಡಿ. ಆದರೆ ಪೂಜೆಯ ನಡುವೆ ‘ನಿಮ್ಮದು ಯಾವ ಊರು?’ ಎಂದು ಮಾತಿಗೆಳೆದು ಸಾಲು ನಿಲ್ಲಿಸುವುದು ಬೇಡ.

ಸಂಜೆ ಬೌದ್ಧನಾಥ ಸ್ತೂಪ. 2015ರಲ್ಲಿ ಹಾನಿಗೊಂಡ ಶಿಖರವನ್ನು 2016ರಲ್ಲೇ ಸರಿಪಡಿಸಿದ್ದಾರೆ. ಇಲ್ಲಿ ನೋಡುವುದಕ್ಕಿಂತ ಜನರೊಂದಿಗೆ ಪ್ರದಕ್ಷಿಣೆ ಹಾಕುವುದೇ ಚೆನ್ನ.

ಸಾಮಾನ್ಯವಾಗಿ ಆಗುವ ತಪ್ಪುಗಳು

1. ಹೊಸ ಮರ ಕಂಡೊಡನೆ ‘ಇದು ಅಸಲಿ ಅಲ್ಲ’ ಎಂದು ಮುಂದೆ ಹೋಗುವುದು. 2015ರ ಏಪ್ರಿಲ್ 25ರ 7.8 ತೀವ್ರತೆಯ ಭೂಕಂಪದಲ್ಲಿ ಸುಮಾರು ಒಂಬತ್ತು ಸಾವಿರ ಜನ ಸತ್ತರು, ಮೂರೂ ಚೌಕಗಳಲ್ಲಿ ಗುಡಿಗಳು ನೆಲಕಚ್ಚಿದವು. ಮರದ ಕಟ್ಟಡವನ್ನು ತಲೆಮಾರಿಗೊಮ್ಮೆ ಬಿಚ್ಚಿ ಕಟ್ಟುವುದು ನೇವಾರರ ಹಳೆಯ ರೂಢಿ. ಹಳೆಯ ತುಂಡಾಲುಗಳನ್ನು ಅವಶೇಷಗಳಿಂದ ಹೆಕ್ಕಿ, ಜೋಡಿಸಿ, ಕೊರತೆ ಬಿದ್ದಲ್ಲಿ ಮಾತ್ರ ಹೊಸದು ಕೆತ್ತಿದ್ದನ್ನು ಹಲವೆಡೆ ಕಾಣಬಹುದು. ಕಪ್ಪು ಮರ ಹಳೆಯದು, ತಿಳಿ ಬಣ್ಣದ್ದು ಹೊಸದು. ಎರಡೂ ಒಂದೇ ಗೋಡೆಯಲ್ಲಿ ಕೂಡಿರುವುದನ್ನು ನಿಂತು ನೋಡಿ.

2. ಸ್ತೂಪವನ್ನು ಅಪ್ರದಕ್ಷಿಣೆಯಾಗಿ ಸುತ್ತುವುದು.

3. ಕುಮಾರಿಯ ಫೋಟೊಗೆ ಕ್ಯಾಮೆರಾ ಎತ್ತುವುದು. ಅಂಗಳದ ಫೋಟೊ ತೆಗೆಯಬಹುದು, ಅವಳದ್ದನ್ನು ತೆಗೆಯುವಂತಿಲ್ಲ. ಅವಳೊಬ್ಬ ಮಗು ಎಂಬುದನ್ನೂ ನೆನಪಿಡಿ.

4. ಪಶುಪತಿಯ ಆರ್ಯಘಾಟಿನಲ್ಲಿ ಚಿತೆಯ ಚಿತ್ರ ತೆಗೆಯುವುದು. ಅಲ್ಲಿ ಯಾರದ್ದೋ ಮನೆಯವರು ಅಳುತ್ತಿರುತ್ತಾರೆ. ಫೋನು ಜೇಬಿನಲ್ಲಿರಲಿ.

ಎಚ್ಚರಿಕೆ ಮತ್ತು ಸಿದ್ಧತೆ

ಭಾರತೀಯರಿಗೆ ವೀಸಾ ಬೇಡ. ಆದರೆ ವಿಮಾನದಲ್ಲಿ ಹೋಗುವ ವಯಸ್ಕರಿಗೆ ಪಾಸ್‌ಪೋರ್ಟ್ ಅಥವಾ ಚುನಾವಣಾ ಆಯೋಗದ ಮತದಾರರ ಗುರುತಿನ ಚೀಟಿ ಬೇಕೇಬೇಕು. ಆಧಾರ್ ಹಿಡಿದು ವಿಮಾನ ನಿಲ್ದಾಣದಲ್ಲಿ ಸಿಕ್ಕಿಬೀಳುವವರು ಈಗಲೂ ಇದ್ದಾರೆ. 15ಕ್ಕಿಂತ ಚಿಕ್ಕವರು, 65 ದಾಟಿದವರಿಗೆ ವಿನಾಯಿತಿ ಇದೆ. ಅದೇ ಚೀಟಿಯನ್ನು ಚೌಕಗಳ ಟಿಕೆಟ್ ಕೌಂಟರಿನಲ್ಲೂ ತೋರಿಸಿ, ಸಾರ್ಕ್ ದೇಶದವರಿಗೆ ಉಳಿದ ವಿದೇಶಿಯರಿಗಿಂತ ಕಡಿಮೆ ದರ. ಟಿಕೆಟನ್ನು ಎಸೆಯಬೇಡಿ, ಒಳಗೆ ಮತ್ತೆ ಕೇಳುತ್ತಾರೆ.

ನಮ್ಮ 100 ರೂಪಾಯಿಗೆ ಅಲ್ಲಿನ 160. ನೂರರ ನೋಟು ಸಲೀಸಾಗಿ ನಡೆಯುತ್ತದೆ, ದೊಡ್ಡ ನೋಟುಗಳ ನಿಯಮ ಆಗಾಗ ಬದಲಾಗುವುದರಿಂದ ಹೊರಡುವ ವಾರದಲ್ಲಿ ಬ್ಯಾಂಕಿನಲ್ಲಿ ವಿಚಾರಿಸಿ. ಬೆಲೆ ಕೇಳುವಾಗ ‘ಐಸಿಯೋ ಎನ್‌ಸಿಯೋ?’ ಎಂದು ಮೊದಲೇ ಕೇಳಿಕೊಳ್ಳಿ, ಭಾರತದ ರೂಪಾಯಿಗೆ ಅಲ್ಲಿನವರು ಐಸಿ ಎನ್ನುತ್ತಾರೆ. ಗಡಿಯಾರವನ್ನು 15 ನಿಮಿಷ ಮುಂದಿಡಿ, ಮರಳುವ ವಿಮಾನದ ಹೊತ್ತು ಲೆಕ್ಕ ಹಾಕುವಾಗ ಇದೇ ಕೈಕೊಡುತ್ತದೆ. ವಾರದ ರಜೆ ಶನಿವಾರ, ಅಂದು ಗುಡಿಗಳಲ್ಲಿ ಜನ ಕಿಕ್ಕಿರಿಯುತ್ತಾರೆ. ಅಕ್ಟೋಬರ್–ನವೆಂಬರ್ ಮತ್ತು ಮಾರ್ಚ್–ಏಪ್ರಿಲ್ ಒಳ್ಳೆಯ ಕಾಲ. ಆದರೆ ದಶೈಂ ದಿನಗಳಲ್ಲಿ ಅಂಗಡಿ, ಹೋಟೆಲು ಬಹಳಷ್ಟು ಮುಚ್ಚಿರುತ್ತವೆ. ಒಣಗಾಳಿಯ ತಿಂಗಳುಗಳಲ್ಲಿ ಧೂಳು ಜೋರು, ಆಸ್ತಮಾ ಇದ್ದವರು ಮಾಸ್ಕ್ ಇಟ್ಟುಕೊಳ್ಳಿ.

ಸಸ್ಯಾಹಾರಿಗಳು ಮೋಮೋ ತಿನ್ನುವ ಮುನ್ನ ಕೇಳಲೇಬೇಕು. ‘ಬಫ್’ ಎಂದರೆ ಎಮ್ಮೆ ಮಾಂಸ, ಅಲ್ಲಿ ಅದು ಮಾಮೂಲು. ನೇವಾರರ ಬಾರಾ ಉದ್ದಿನ ಹಿಟ್ಟಿನದ್ದು, ನಮ್ಮ ಬಾಯಿಗೆ ಒಗ್ಗುತ್ತದೆ. ಅದರ ಮೇಲೂ ಮೊಟ್ಟೆ, ಮಾಂಸ ಹಾಕುವುದುಂಟು, ಬರಿಯದ್ದೇ ಕೊಡಿ ಎನ್ನಿ. ಪಶುಪತಿ ಮತ್ತು ಸ್ವಯಂಭುವಿನ ಕೋತಿಗಳ ಮುಂದೆ ಪ್ರಸಾದದ ಚೀಲ ತೆರೆಯಬೇಡಿ. ವಿಶೇಷ ಪೂಜೆ ಮಾಡಿಸುತ್ತೇವೆಂದು ದಾರಿಯಲ್ಲಿ ಸಿಗುವವರಿಗೆ ಹಣ ಕೊಡದೆ, ದೇವಸ್ಥಾನದ ಕೌಂಟರಿನಲ್ಲಿ ರಸೀದಿ ಪಡೆಯಿರಿ.

ಅರ್ಧ ದಿನ ಉಳಿದರೆ ಕಠ್ಮಂಡುವಿನ ನೈರುತ್ಯದ ಗುಡ್ಡದಲ್ಲಿರುವ ಕೀರ್ತಿಪುರಕ್ಕೆ ಹೋಗಿ. ಪೃಥ್ವಿ ನಾರಾಯಣ ಶಾಹನನ್ನು ಮತ್ತೆ ಮತ್ತೆ ಹಿಮ್ಮೆಟ್ಟಿಸಿದ ಪುಟ್ಟ ಊರು ಅದು. ಆ ಕಾಳಗಗಳ ಕತ್ತಿಗಳು ಇಂದಿಗೂ ಅಲ್ಲಿನ ಬಾಘಭೈರವ ಗುಡಿಯ ಗೋಡೆಗೆ ಬಿಗಿದಿವೆ.